ಮರಿ ಮಾಡಿಸದವನಿಗೆ ಕಡಲ ಮೀನೇಕೆ?

ಕಡಲಿಲ್ಲದ ವಯನಾಡಿನಲ್ಲಿ ಕುಳಿತು ಕಡಲ ಮೀನಿನ ಮಾತೇಕೆ ಎಂದು ಪೋಷಕರು ಕೇಳಿದರೆ ತಪ್ಪಿಲ್ಲ. ನಮ್ಮ ಬೇಗೂರಿನ ಕಾಡಿನಲ್ಲಿ ಸುರಿದ ಮಳೆಯು ಘಟ್ಟವಿಳಿದು ಹತ್ತಿರದ ಅರಬ್ಬೀ ಸಮುದ್ರವನ್ನು ಸೇರುವುದೂ ಇಲ್ಲ. ಕಬಿನಿಯಾಗಿ ಪೂರ್ವಕ್ಕೆ ತಿರುಗಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ದೂರದ ಬಂಗಾಳಕೊಲ್ಲಿಗೆ ಹೋಗುತ್ತದೆ. ಆದರೆ ಈಗ ಕಡಲೇ ಗಾಜಿನ ತೊಟ್ಟಿಯಲ್ಲಿ ಕೂತು ಪೇಟೆಯ ಮನೆಗಳ ಒಳಗೆ ಬಂದಿದೆ. ನೀಲಿ ದೀಪ, ಬಣ್ಣದ ಮೀನು, ಹವಳ! ನಮ್ಮ ಮಕ್ಕಳು ಮೊಬೈಲಿನಲ್ಲಿ ಅದನ್ನು ಕಂಡು "ನಮಗೂ ಒಂದು ಬೇಕು" ಎಂದು ಹಟ ಹಿಡಿಯುವ ಕಾಲ ಇದು. ಆದ್ದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳಿಬಿಡುತ್ತೇನೆ: ಮರಿ ಮಾಡಿಸುವ ಮನಸ್ಸಿಲ್ಲದವರು ಕಡಲ ಮೀನನ್ನು ಸಾಕಬಾರದು.

ಇದು ಕಠಿಣವಾದ ಮಾತೆಂದು ತೋರಬಹುದು. ಕಾರಣವನ್ನು ಕೇಳಿ. ಅಂಗಡಿಯಲ್ಲಿ ಸಿಗುವ ಸಿಹಿನೀರಿನ ಅಲಂಕಾರದ ಮೀನುಗಳಲ್ಲಿ ಬಹುಪಾಲು ಕೊಳ ತೊಟ್ಟಿಗಳಲ್ಲೇ ಹುಟ್ಟಿ ಬೆಳೆದವು. ಕಡಲ ಮೀನುಗಳ ಕತೆ ಹಾಗಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ವಿಷವನ್ನು ಚಿಮುಕಿಸಿ ಮೀನನ್ನು ಮಂಕುಮಾಡಿ ಹಿಡಿಯುವ ಕೆಟ್ಟ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಆ ವಿಷಕ್ಕೆ ಹವಳವೂ ಸಾಯುತ್ತದೆ. ದಿಬ್ಬಗಳಾದರೋ ಮೊದಲೇ ಬಳಲಿವೆ. ನಮ್ಮ ಲಕ್ಷದ್ವೀಪದ ಹವಳಗಳು ಕಡಲ ನೀರು ಕಾದುದರಿಂದ 1998, 2010, 2016 ಮತ್ತು 2024ರಲ್ಲಿ ಬಿಳಿಚಿಹೋದವು. ಹಾಗೆ ನರಳುತ್ತಿರುವ ಮನೆಯಿಂದ ಮಕ್ಕಳನ್ನು ಎತ್ತಿ ತಂದು ನಮ್ಮ ನಡುಮನೆಯನ್ನು ಸಿಂಗರಿಸುವುದು ಯಾವ ನ್ಯಾಯ?

ಹಾಗಾದರೆ ಕಡಲ ಮೀನು ಮನೆಯಲ್ಲಿ ಮರಿ ಮಾಡುತ್ತದೆಯೇ? ಮಾಡುತ್ತದೆ. ಅದರಲ್ಲಿಯೂ ಗೋಬಿ ಎಂಬ ಪುಟ್ಟ ಮೀನು. (ಗೋಬಿ ಎಂದೊಡನೆ ಹೂಕೋಸನ್ನೂ ಮಂಚೂರಿಯನ್ನೂ ನೆನೆಯುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.) ಈ ಕುಲದಲ್ಲಿ ಸುಮಾರು ಎರಡು ಸಾವಿರ ಜಾತಿಗಳಿವೆ. ಹೊಳೆಯ ಮರಳಿನಲ್ಲಿ ಹೊಟ್ಟೆಯೂರಿ ಕೂರುವ, ಮಲಯಾಳದಲ್ಲಿ ಪೂಳಾನ್ ಎನ್ನುವ ಮೀನು ಇದೇ ಕುಲದ್ದು. ಕಾವೇರಿಯ ನೀರಿನಲ್ಲೂ ಅದುಂಟು. ಕೆಲವು ಜಾತಿಗಳು ಎಷ್ಟು ಅಲ್ಪಾಯುಗಳೆಂದರೆ, ಆಸ್ಟ್ರೇಲಿಯಾದ ದಿಬ್ಬದ ಒಂದು ಕುಳ್ಳ ಗೋಬಿ ಹುಟ್ಟಿದ 59 ದಿನಗಳೊಳಗೆ ಬಾಳು ಮುಗಿಸುತ್ತದೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಷ್ಟು ಕಡಿಮೆ ಆಯುಷ್ಯ ಬೇರೊಂದರಲ್ಲಿ ಕಂಡುಬಂದಿಲ್ಲ.

ಅಟ್ಲಾಂಟಿಕ್ ಸಾಗರದ ನಿಯಾನ್ ಗೋಬಿಯನ್ನು ನೋಡಿ. ಬೆರಳುದ್ದದ ಕಪ್ಪು ಮೈ, ಅದರ ಮೇಲೆ ಮಿಂಚುವ ನೀಲಿ ಗೆರೆ. ದೊಡ್ಡ ಮೀನುಗಳ ಮೈಗಂಟಿದ ಹುಳುಗಳನ್ನು ಹೆಕ್ಕಿ ತಿನ್ನುವುದು ಇದರ ಕಸುಬು. ಅಮೆರಿಕದ ಫ್ಲೋರಿಡಾದಲ್ಲಿ ಮಾರ್ಟಿನ್ ಮೋ ಎಂಬವರು 1970ರ ದಶಕದಲ್ಲಿಯೇ ಇದನ್ನು ತೊಟ್ಟಿಯಲ್ಲಿ ಮರಿ ಮಾಡಿಸಿ ಮಾರಿದರು. ಜೋಡಿ ಕೂಡಿದ ಮೇಲೆ ಹೆಣ್ಣು ಯಾವುದಾದರೊಂದು ಇಕ್ಕಟ್ಟಾದ ಪೊಟರೆಯ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅಲ್ಲಿಂದ ಮುಂದಿನ ಕೆಲಸವೆಲ್ಲ ಗಂಡಿನದು. ಅದು ಬಾಗಿಲಲ್ಲೇ ಕಾದುನಿಂತು, ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತದೆ. ಏಳರಿಂದ ಹತ್ತು ದಿನಗಳಲ್ಲಿ, ಸಾಮಾನ್ಯವಾಗಿ ಕತ್ತಲಾದ ಮೇಲೆ, ಮೊಟ್ಟೆಯೊಡೆದು ಮೂರು ನಾಲ್ಕು ಮಿಲಿಮೀಟರ್ ಉದ್ದದ ಮರಿಗಳು ಹೊರಬರುತ್ತವೆ.

ಇಲ್ಲಿಯೇ ನಿಜವಾದ ಪರೀಕ್ಷೆ. ಹವಳವಿರುವ ಚೆಲುವಾದ ತೊಟ್ಟಿಯಲ್ಲಿ ಆ ಮರಿಗಳು ಬೆಳಗಿನವರೆಗೆ ಉಳಿಯುವುದು ದುರ್ಲಭ. ದೊಡ್ಡ ಮೀನು ನುಂಗುತ್ತದೆ, ಹವಳವೇ ಹಿಡಿದು ತಿನ್ನುತ್ತದೆ, ಪಂಪು ಎಳೆದುಕೊಳ್ಳುತ್ತದೆ. ಆದುದರಿಂದ ಅವುಗಳನ್ನು ಬೇರೆ ಪಾತ್ರೆಗೆ ಸಾಗಿಸಬೇಕು. ಅವು ಬೆಳಕಿನತ್ತ ಬರುವ ಸ್ವಭಾವದವು. ಒಂದು ಟಾರ್ಚು ಹಿಡಿದರೆ ಒಂದೆಡೆ ಕೂಡುತ್ತವೆ. ಮೊದಲ ದಿನಗಳಲ್ಲಿ ಅವುಗಳ ಬಾಯಿಗೆ ಹಿಡಿಸುವುದು ರೋಟಿಫರ್ ಎಂಬ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಜೀವಿ ಮಾತ್ರ. ಆ ಜೀವಿಗೆ ಉಣ್ಣಲು ಹಸಿರು ಪಾಚಿಯ ನೀರು ಬೇಕು. ಅಂದರೆ ಮೀನಿಗೂ ಮೊದಲು ಪಾಚಿಯನ್ನು, ಪಾಚಿಯಿಂದ ರೋಟಿಫರನ್ನು ಬೆಳೆದಿಟ್ಟುಕೊಂಡಿರಬೇಕು. ಮರಿ ತುಸು ಬಲಿತ ಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮರಿಗಳು. ಅದರ ಒಣ ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿದರೆ ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಹೀಗೆ ತಿಂಗಳೊಂದು ಕಳೆಯುವಷ್ಟರಲ್ಲಿ ಬದುಕುಳಿದವು ತಳ ಹಿಡಿದು ಕೂತು ಬಣ್ಣ ತಾಳುತ್ತವೆ. ನೂರರಲ್ಲಿ ಹತ್ತು ಉಳಿದರೂ ಹೊಸಬನಿಗೆ ಅದು ಗೆಲುವೇ.

ಇದರಲ್ಲಿ ಒಂದು ಸ್ವಾರಸ್ಯವುಂಟು. ನಿಯಾನ್ ಗೋಬಿ ಮೊಟ್ಟೆಯಿಡುವುದಕ್ಕೆ ಹವಳ ಬೇಕಿಲ್ಲ. ನಲ್ಲಿಗೆ ಹಾಕುವ ಪ್ಲಾಸ್ಟಿಕ್ ಪೈಪಿನ ಗೇಣುದ್ದದ ತುಂಡು ಸಾಕು! ಮರಿ ಮಾಡಿಸುವವನ ತೊಟ್ಟಿ ನೋಡಲು ಬೋಳು. ನೆಂಟರಿಗೆ ತೋರಿಸಿ ಹೊಗಳಿಸಿಕೊಳ್ಳುವಂಥದ್ದಲ್ಲ. ನಮ್ಮ ಕಡಲಿನ ಹವಳವನ್ನು ಕಿತ್ತು ತರುವುದಂತೂ ಅಪರಾಧ. ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕಾಡಂಚಿನಲ್ಲಿ ಬಾಳುವ ನಮಗೆ ಆ ಕಾಯಿದೆಯ ಹೆಸರನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆನೆಗೆ ಇರುವ ಕಾಯಿದೆಯೇ ಹವಳಕ್ಕೂ ಇದೆಯೆಂಬುದನ್ನು ಮಾತ್ರ ಹಲವರು ಅರಿಯರು.

ಹಿಡಿಯುವುದನ್ನು ಬಿಟ್ಟರೆ ಕಡಲತೀರದ ಬಡವರ ಗತಿಯೇನೆಂದು ಆಕ್ಷೇಪಿಸುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಮರಿ ಮಾಡಿಸುವ ಕಸುಬು ಅವರ ಕೈಗೇ ಹೋಗಬಹುದಲ್ಲ? ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಅನುವಂಶಿಕ ಸಂಪನ್ಮೂಲ ಬ್ಯೂರೋ ದ್ವೀಪದ ಹೆಂಗಸರಿಗೆ ಅಲಂಕಾರದ ಸೀಗಡಿ ಸಾಕುವುದನ್ನು ಕಲಿಸಿದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಿರುವನಂತಪುರದ ಬಳಿಯ ವಿಳಿಂಜಂನಲ್ಲಿ ಕೋಡಂಗಿ ಮೀನನ್ನಷ್ಟೇ ಅಲ್ಲದೆ ಈಚಿನ ವರ್ಷಗಳಲ್ಲಿ ನಮ್ಮದೇ ಕಡಲಿನ ಒಂದು ಗೋಬಿಯನ್ನೂ ಮರಿ ಮಾಡಿಸಿದ್ದಾರೆ. ನಮ್ಮ ನೆರೆಯ ಆರಳಂನ ಚೀಂಕಣ್ಣಿ ಹೊಳೆಯಲ್ಲಿರುವ ‘ಮಿಸ್ ಕೇರಳ’ ಎಂಬ ಕೆಂಪು ಗೆರೆಯ ಸಿಹಿನೀರ ಮೀನನ್ನು ನೆನೆಯಿರಿ. ಹೊರದೇಶಕ್ಕೆಂದು ಎಗ್ಗಿಲ್ಲದೆ ಹಿಡಿದುದರಿಂದ ಅದು ಅಳಿವಿನ ಅಂಚಿಗೆ ಬಂದು, 2008ರಲ್ಲಿ ಕೇರಳ ಸರಕಾರವೇ ಕಟ್ಟುಪಾಡು ಹಾಕಬೇಕಾಯಿತು. ಅದನ್ನು ಮರಿ ಮಾಡಿಸುವ ವಿದ್ಯೆ ಕೈಗೆ ಬಂದದ್ದು ಹೊಳೆ ಸಾಕಷ್ಟು ಬರಿದಾದ ಮೇಲೆ.

ವಿದ್ಯಾರ್ಥಿಗಳು ನಾಳೆಯೇ ಉಪ್ಪುನೀರಿಗೆ ಕೈ ಹಾಕಬೇಕೆಂದು ನಾನು ಹೇಳಲಾರೆ. ಕಡಲ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದೂ ಅಡಿಗೆಯ ಉಪ್ಪಲ್ಲ. ತೊಟ್ಟಿ ಹದಕ್ಕೆ ಬರಲು ತಿಂಗಳಾದರೂ ಬೇಕು. ಮಳೆಗಾಲದ ರಾತ್ರಿ ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತದೆ. ವಯನಾಡಿನವರಿಗೆ ಇದನ್ನು ವಿವರಿಸಬೇಕೇ? ಮೊದಲು ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಒಂದು ಜೋಡಿ ಫೈಟರ್ ಮೀನು ಸಾಕಲಿ. ಅದರಲ್ಲಿಯೂ ಗಂಡೇ ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಅದರ ಮರಿಗೂ ಕಣ್ಣಿಗೆ ಕಾಣದ ಆಹಾರವೇ ಬೇಕು. ಒಣಹುಲ್ಲನ್ನು ನೆನೆಸಿಟ್ಟ ನೀರಿನಲ್ಲಿ ಅದು ತಾನೇ ಹುಟ್ಟುತ್ತದೆ. ಮೊಟ್ಟೆಯೊಡೆದ ಮೇಲೆ ಗಂಡನ್ನು ಬೇರೆ ಮಾಡುವುದು, ದಿನಕ್ಕೆ ಹಲವು ಸಲ ತಿನ್ನಿಸುವುದು, ರಜೆಯಲ್ಲಿ ಯಾರು ಬಂದು ನೋಡಬೇಕೆಂದು ಸರದಿ ಗೊತ್ತುಮಾಡುವುದು, ಎಣಿಸಿ ಬರೆದಿಡುವುದು ಇವೆಲ್ಲ ಹುಡುಗ ಹುಡುಗಿಯರು ಮಾಡಬಲ್ಲ ಕೆಲಸ. ಹೆಚ್ಚಾದ ಮರಿಗಳನ್ನು ಮಾತ್ರ ಯಾವ ಕಾರಣಕ್ಕೂ ಹೊಳೆಗೆ ಬಿಡಕೂಡದು. ಇದರಲ್ಲಿ ಒಂದು ವರ್ಷ ಕೈ ಪಳಗಿದವನು ಗೋಬಿಯ ಮಾತೆತ್ತಿದರೆ ಪೋಷಕರು ಕಿವಿಗೊಡಬಹುದು.

ಅಷ್ಟರಲ್ಲಿ ಯಾರ ಮನೆಯಲ್ಲಾದರೂ ಹಟ ಗೆದ್ದು, ತಂದೆಯವರು ಮಗನನ್ನೋ ಮಗಳನ್ನೋ ಕರೆದುಕೊಂಡು ಪೇಟೆಯ ಮೀನಿನ ಅಂಗಡಿಗೆ ಹೋದದ್ದಾದರೆ, ಬೆಲೆ ಕೇಳುವ ಮೊದಲು ಇದನ್ನು ಕೇಳಲಿ: "ಇದು ಹಿಡಿದು ತಂದದ್ದೋ, ಮರಿ ಮಾಡಿಸಿದ್ದೋ?" ಅಂಗಡಿಯವನಿಗೆ ಗೊತ್ತಿಲ್ಲವಾದರೆ ಬರಿಗೈಯಲ್ಲಿ ಬಸ್ಸು ಹತ್ತಿ ಬರಲಿ.