ಗುಬ್ಬಿಗೆ ನೀರಿಟ್ಟರೆ ಸಾಲದು

2010ರಿಂದ ಮಾರ್ಚ್ 20 ವಿಶ್ವ ಗುಬ್ಬಿ ದಿನ. ಅಂದು ನಾವು ಶಾಲೆಯ ಬೇವಿನ ಗಿಡಕ್ಕೆ ನೀರಿನ ಬಟ್ಟಲು ಕಟ್ಟಿ ಫೋಟೋ ತೆಗೆಸಿಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಆಮೇಲೆ ಅದನ್ನು ತೊಳೆಯುವವರು ಯಾರು?

ಹಿಕ್ಕೆ ಬಿದ್ದು ಪಾಚಿಗಟ್ಟಿದ ನೀರಿನಿಂದ ಒಂದು ಹಕ್ಕಿಯ ರೋಗ ಉಳಿದವಕ್ಕೂ ಹರಡುತ್ತದೆ. ಮೇ ರಜೆಯಲ್ಲಿ ಬಟ್ಟಲು ಒಣಗುತ್ತದೆ. ರೂಢಿಯಾದ ಗುಬ್ಬಿ ಬಂದು ಬರಿಗಂಟಲಲ್ಲಿ ಹೋಗುತ್ತದೆ. ಜೂನ್ ಮಳೆ ನೀರು ಅದರಲ್ಲೇ ನಿಂತರೆ ಎಂಟ್ಹತ್ತು ದಿನಕ್ಕೆ ಡೆಂಗಿ ಹರಡುವ ಸೊಳ್ಳೆ. ಅದು ಕಚ್ಚುವುದು ನಮ್ಮ ಮಕ್ಕಳನ್ನೇ.

ನನ್ನ ಅನಿಸಿಕೆ ಇಷ್ಟೇ: ಹತ್ತು ಬಟ್ಟಲು ಬೇಡ, ಎರಡು ಸಾಕು. ಎರಡು ಬೆರಳಿನಷ್ಟು ನೀರಿರಲಿ. ದಿನಾ ಹಳೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಹೊಸ ನೀರು ಹಾಕಬೇಕು. ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ರಜೆಯಲ್ಲಿ ಶಾಲೆ ಪಕ್ಕದ ಮನೆಯ ಮಕ್ಕಳಿಗೆ ಪಾಳಿ ಹಚ್ಚೋಣ. ಅದೂ ಆಗದಿದ್ದರೆ ಬಟ್ಟಲು ಬಿಚ್ಚಿ ಬೋರಲು ಹಾಕಿಡೋಣ. ಫೋಟೋ ಒಂದು ದಿನದ್ದು, ಬಾಯಾರಿಕೆ ದಿನಾಲೂ ಇರುತ್ತದೆ.