ಟಬ್ಬಿನಲ್ಲಿಟ್ಟ ನಕ್ಷತ್ರ ಆಮೆ: ಸಾಕುವವರ ವಾದಗಳಿಗೆ ಉತ್ತರ

ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕಬೇಡಿ ಎಂದರೆ ನಮ್ಮ ಪಾವಗಡ, ಮಧುಗಿರಿ ಕಡೆ ಮೊದಲು ಬರುವ ಉತ್ತರ ಇದು: "ಐದಾರು ವರ್ಷದಿಂದ ನಮ್ಮನೇಲಿದೆ, ಚೆನ್ನಾಗೇ ಇದೆಯಲ್ಲ?" ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣಿಗೆ ಅದು ಚೆನ್ನಾಗೇ ಇದೆ. ಎಮ್ಮೆ ಮೇವು ಬಿಟ್ಟರೆ ಅವತ್ತೇ ಗೊತ್ತಾಗುತ್ತದೆ, ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ. ಆಮೆಗೆ ದೂರು ಹೇಳುವ ದಾರಿಯಿಲ್ಲ. ಅದು ಸಾಯುವುದಕ್ಕೂ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ.

ಹಾಗಾಗಿ ಚಿಪ್ಪನ್ನೇ ನೋಡಬೇಕು. ಈ ಜಾತಿಯ ಬೆನ್ನ ಫಲಕಗಳು ಸಹಜವಾಗಿಯೇ ಒಂದಿಷ್ಟು ಉಬ್ಬಿರುತ್ತವೆ, ಒಂದೊಂದರ ನೆತ್ತಿಯಿಂದ ಹಳದಿ ಗೆರೆಗಳು ಕೆಳಗಿಳಿದಿರುತ್ತವೆ. ಮನೆಯಲ್ಲಿ ಬೆಳೆದದ್ದರಲ್ಲಿ ಆ ಉಬ್ಬು ಮಿತಿಮೀರಿ ಮೊನಚಾಗುತ್ತದೆ, ಅಂಚು ಮೇಲಕ್ಕೆ ಸೊಟ್ಟಗಾಗುತ್ತದೆ. ಹೊಟ್ಟೆಯ ಕಡೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ; ಬೆಳೆದ ಆಮೆಯ ಚಿಪ್ಪು ಬಗ್ಗಿದರೆ ಅದರ ಮೂಳೆ ಕರಗುತ್ತಿದೆ ಎಂದೇ ಅರ್ಥ. ಚಿಪ್ಪೆಂದರೆ ಮೇಲೆ ಹೊದೆಸಿದ ಮುಚ್ಚಳವಲ್ಲ, ಬೆನ್ನೆಲುಬು ಪಕ್ಕೆಲುಬುಗಳು ಬೆಸೆದುಕೊಂಡಿರುವ ಜೀವಂತ ಮೂಳೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದು ಮೈಯಲ್ಲಿ ವಿಟಮಿನ್ ಡಿ3 ತಯಾರಾಗಬೇಕು, ಆಗ ಸುಣ್ಣದಂಶ ಮೂಳೆಗೆ ಹತ್ತುತ್ತದೆ. ಕಿಟಕಿಯ ಗಾಜು ಆ ಕಿರಣವನ್ನೇ ತಡೆಯುತ್ತದೆ. ಹುಲ್ಲು, ಸೊಪ್ಪು, ಉದುರಿದ ಹಣ್ಣು ತಿಂದು ಬದುಕುವ ಪ್ರಾಣಿಗೆ ಅನ್ನ ಹಾಕುತ್ತೇವೆ, ಟೊಮೆಟೊ ಹಾಕುತ್ತೇವೆ. ಕೆಲವರಂತೂ ಅಕ್ವೇರಿಯಂಗೆ ನೀರು ತುಂಬಿ ಅದರೊಳಗೇ ಬಿಡುತ್ತಾರೆ. ಇದು ಕೆರೆ ಆಮೆಯಲ್ಲ ಸ್ವಾಮಿ, ಈಜಲಾರದು.

"ಖರ್ಚೇನಿದೆ, ಒಂದು ಸೌತೆಕಾಯಿ ತಾನೆ?" ಎನ್ನುವವರಿದ್ದಾರೆ. ಸರಿಯಾಗಿ ಸಾಕಹೊರಟರೆ ನೇರಳಾತೀತ ದೀಪ ಬೇಕು. ಅದು ಬೆಳಗುತ್ತಿದ್ದರೂ ಒಳಗಿನ ಕಿರಣ ಕುಂದುವುದರಿಂದ ಕಾಲಕಾಲಕ್ಕೆ ಬದಲಿಸಬೇಕು. ಮೂಗು ಸೋರಿ ಉಸಿರಾಟ ಕಟ್ಟಿದರೆ ಊರಿನ ಪಶು ಆಸ್ಪತ್ರೆಯ ಡಾಕ್ಟರು ಕುರಿ, ದನ ಬಲ್ಲವರು. ಆಮೆಗೆ ಬೆಂಗಳೂರಿಗೇ ಹೋಗಬೇಕು. ಹೋಗುವುದಾದರೂ ಹೇಗೆ? 2022ರ ತಿದ್ದುಪಡಿಯ ನಂತರ ಇದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಈ ಭಯಕ್ಕೆ ಯಾರೂ ಡಾಕ್ಟರ ಹತ್ತಿರ ಒಯ್ಯುವುದಿಲ್ಲ. ಖರ್ಚಿಲ್ಲ ಅನ್ನಿಸುವುದು ಅದಕ್ಕೇ.

ಓದಲು ಹೊರಗೆ ಹೋಗಿಬಂದ ಹುಡುಗರ ವಾದ ಬೇರೆ: "ಅಮೆರಿಕದಲ್ಲಿ ಆಕ್ಟೋಪಸ್ಸನ್ನೇ ಮನೇಲಿ ಸಾಕ್ತಾರೆ, ನಿಮಗೆ ಒಂದು ಆಮೆ ಹೆಚ್ಚಾಯ್ತಾ?" ಸಾಕುತ್ತಾರೆ, ನಿಜ. ಆದರೆ ಆ ಕಥೆ ಪೂರ್ತಿ ಕೇಳಬೇಕು. ಹೆಚ್ಚಿನ ಆಕ್ಟೋಪಸ್ ಜಾತಿಗಳ ಆಯಸ್ಸೇ ಒಂದೆರಡು ವರ್ಷ. ತಾಯಿ ಊಟ ಬಿಟ್ಟು ಮೊಟ್ಟೆ ಕಾಯುತ್ತದೆ, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. ಅನೇಕ ಜಾತಿಗಳ ಮರಿಗಳು ಕಾಳಿನಷ್ಟು ಸಣ್ಣವು, ಕಡಲಲ್ಲಿ ತೇಲುತ್ತ ಬೆಳೆಯುವಂಥವು. ತೊಟ್ಟಿಯಲ್ಲಿ ಅವನ್ನು ಉಳಿಸುವುದು ಪಳಗಿದವರಿಗೂ ಕಷ್ಟ. ಆದ್ದರಿಂದ ಮಾರಾಟಕ್ಕೆ ಬರುವುದು ಬಹುಪಾಲು ಸಮುದ್ರದಲ್ಲಿ ಹಿಡಿದದ್ದೇ. ಮುಚ್ಚಳದ ಸಂದಿಯಲ್ಲಿ ನುಸುಳಿ ಹೊರಬಂದು ನೆಲದ ಮೇಲೆ ಒಣಗಿ ಸಾಯುವುದೂ ಉಂಟು. ಬ್ರಿಟನ್ 2022ರ ಕಾಯ್ದೆಯಲ್ಲಿ ಆಕ್ಟೋಪಸ್, ಬೊಂಡಾಸಗಳ ಬಳಗವನ್ನು ನೋವು ಅರಿಯುವ ಜೀವಿಗಳೆಂದು ಒಪ್ಪಿತು. ಅಮೆರಿಕದಲ್ಲೇ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ಆಕ್ಟೋಪಸ್ ಕೃಷಿಯನ್ನು ನಿಷೇಧಿಸಿದವು. ನೀವು ಉದಾಹರಣೆ ಕೊಡುವ ದೇಶವೇ ಹಿಂದೆಮುಂದೆ ನೋಡುತ್ತಿದೆ. ಅದೂ ಅಲ್ಲದೆ ಆಕ್ಟೋಪಸ್ಸಿನ ಸೆರೆ ಎರಡು ವರ್ಷಕ್ಕೆ ಮುಗಿಯುತ್ತದೆ. ಆಮೆ ಮೂವತ್ತು ವರ್ಷ ದಾಟಿ ಬಾಳಬಲ್ಲದು. ಆಸೆಪಟ್ಟು ತರಿಸಿಕೊಂಡ ಮಗಳು ಮದುವೆಯಾಗಿ ಹೋದಮೇಲೂ ಟಬ್ಬು ಹಿತ್ತಲಲ್ಲೇ ಇರುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ವಾದ ಮರಿ ಮಾಡಿಸುವವರದು. "ಮನೆಯಲ್ಲೇ ಮರಿ ಮಾಡಿಸಿ ಮಾರಿದರೆ ಹೊಲದಿಂದ ಹಿಡಿಯೋದು ತಾನಾಗೇ ನಿಲ್ಲುತ್ತೆ." ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ. ಹೆಣ್ಣಾಮೆ ಒಂದು ಸಲಕ್ಕೆ ಇಡುವುದು ಬೆರಳೆಣಿಕೆಯಷ್ಟು ಮೊಟ್ಟೆ. ಒಡೆಯಲು ತಿಂಗಳುಗಟ್ಟಲೆ ಬೇಕು, ಆಮೇಲೆ ಮರಿ ಅಂಗೈ ಅಗಲವಾಗಲು ವರ್ಷಗಳು. ಅತ್ತ ಮೊದಲ ಮಳೆ ಬಿದ್ದ ಬೆಳಿಗ್ಗೆ ಬದುವಿನ ಮೇಲೆ ಓಡಾಡುವ ಆಮೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳಲು ಕಾಸೂ ಬೇಡ. ಸಾಕಿದ ಮರಿ ಯಾವುದು, ಹಿಡಿದ ಮರಿ ಯಾವುದು ಎಂದು ಮುಖ ನೋಡಿ ಹೇಳಲಾಗದು. ಸಾಕಿದ್ದಕ್ಕೆ ಮಾರುಕಟ್ಟೆ ತೆರೆದರೆ ಹಿಡಿದದ್ದೂ ಅದೇ ಬಾಗಿಲಲ್ಲಿ ನುಗ್ಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಸಂಗ್ರಹ ಜಾಲದ ಮೂಲಕ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೋಗುತ್ತಿದ್ದವು. 2019ರಲ್ಲಿ ಇವನ್ನು ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರ ನಿಷೇಧಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಏರಿಸಿದ್ದು ಸುಮ್ಮನೆ ಅಲ್ಲ.

ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ ಎನ್ನುವವರಿಗೆ ಹೆಚ್ಚು ಹೇಳಲಾರೆ. ಹಾಗಿದ್ದರೆ ಬಿಸಿಲಲ್ಲಿ ಅಲೆದು ಆಮೆ ಹೆಕ್ಕುವವನೇ ಮೊದಲು ಸಾಹುಕಾರನಾಗಬೇಕಿತ್ತು. ಸಿಕ್ಕಿಬಿದ್ದಾಗ ಜೈಲಿಗೆ ಹೋಗುವುದು ಸಾಮಾನ್ಯವಾಗಿ ಅವನೇ.

"ಕುರುಚಲು ಕಾಡೇ ಉಳಿದಿಲ್ಲ, ತಿರುಮಣಿ ಸುತ್ತ 13,000 ಎಕರೆಗೆ ಸೋಲಾರ್ ಬಂತು, ಪಾಪ ಅದು ಎಲ್ಲಿಗೆ ಹೋಗಬೇಕು?" ಈ ಮಾತಿನ ಹಿಂದಿನ ಸಂಕಟ ನನಗೂ ಇದೆ. ನೆಲ ಕಡಿಮೆಯಾಗುತ್ತಿರುವುದು ಖಂಡಿತ. ಆದರೆ ನೆಲ ಹೋಯಿತೆಂದು ಪ್ರಾಣಿಯನ್ನೂ ಎತ್ತಿಕೊಂಡರೆ ಉಳಿದ ಬದು, ಬೇಲಿ, ಗೋಮಾಳದಲ್ಲಿ ಮೊಟ್ಟೆಯಿಡುವುದಕ್ಕೂ ಒಂದಿರುವುದಿಲ್ಲ. ಶಿರಾದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರದ ಮೇಲೆಯೇ ಗೂಡು ಕಟ್ಟುತ್ತವೆ. ಹಿಕ್ಕೆ ಬೀಳುತ್ತದೆ, ನಾತ ಬರುತ್ತದೆ, ಊರವರು ಸಹಿಸಿಕೊಂಡು ಕಾಯುತ್ತಾರೆ. ಮಧುಗಿರಿಯ ಮೈದನಹಳ್ಳಿಯ ಕೃಷ್ಣಮೃಗಗಳಿಗೆ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಮಕ್ಕಳಿಗೆ ಪ್ರಾಣಿ ತೋರಿಸಬೇಕಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ.

ಕೊನೆಗೆ ಒಂದು ಸವಾಲು: "ಸರಿ, ನಾಳೆ ಬೆಳಿಗ್ಗೆ ನಿಡುಗಲ್ ಬೆಟ್ಟಕ್ಕೆ ಬಿಟ್ಟುಬರ್ತೀವಿ, ಆಯ್ತಾ?" ಆಗಲಿಲ್ಲ. ಮೂಗಿನ ಸೋಂಕು ಹೊತ್ತ ಒಂದು ಆಮೆ ಬೆಟ್ಟದ ಆಮೆಗಳಿಗೆಲ್ಲ ಅದನ್ನು ಹಂಚೀತು. ಎಲ್ಲಿಂದ ಬಂದದ್ದೋ ಗೊತ್ತಿಲ್ಲದ್ದನ್ನು ಇಲ್ಲಿ ಬಿಟ್ಟರೆ ತಳಿಯೂ ಕಲಸಿಹೋಗುತ್ತದೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ವಾಪಸ್ ಬಂದಾಗಲೂ ವಿಮಾನ ಇಳಿದ ಕೂಡಲೇ ಕಾಡಿಗೆ ಬಿಡಲಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸುವುದೇ ದಾರಿ.

"ಒಪ್ಪಿಸಲು ಹೋದವರ ಮೇಲೇ ಕೇಸು ಹಾಕಿದರೆ?" ಈ ಪ್ರಶ್ನೆಗೆ ನನ್ನ ಹತ್ತಿರ ಖಂಡನೆಯಿಲ್ಲ, ಅದು ನ್ಯಾಯವಾದ ಭಯ. 2022ರ ತಿದ್ದುಪಡಿಯಲ್ಲಿ ಪ್ರಾಣಿ ಒಪ್ಪಿಸಲು ಕಲಮು ಸೇರಿಸಿದರು, ಅದು ಮಾಲೀಕತ್ವದ ಪ್ರಮಾಣಪತ್ರ ಇರುವವರಿಗೆ. 2020ರಲ್ಲಿ ಕೇಂದ್ರ ಸರ್ಕಾರ ಕಾಗದಪತ್ರವಿಲ್ಲದೆ ವಿದೇಶಿ ಪ್ರಾಣಿ ಇಟ್ಟುಕೊಂಡವರಿಗೆ ಆರು ತಿಂಗಳು ಕೊಟ್ಟು, ಈಗ ಹೇಳಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದಿತು. ಮಕಾವ್ ಗಿಳಿ, ಇಗ್ವಾನ ಸಾಕಿದವರಿಗೆ ಸಿಕ್ಕ ಆ ಅವಕಾಶ, ಹೊಲದಲ್ಲಿ ಸಿಕ್ಕ ಆಮೆಯನ್ನು ತಿಳಿಯದೆ ಮನೆಗೆ ತಂದ ಪಾವಗಡದ ರೈತನಿಗೆ ಇನ್ನೂ ಸಿಕ್ಕಿಲ್ಲ. ಸಾಕುವವರೂ ನಾವೂ ಒಟ್ಟಿಗೆ ಕೂತು ಇಲಾಖೆಗೆ ಅರ್ಜಿ ಬರೆಯುವುದಾದರೆ ಇದರ ಬಗ್ಗೆಯೇ ಬರೆಯೋಣ.