ಚೀನಾದ ಹುಡುಗರಿಗೆ ಇಂಗ್ಲಿಷ್ ಒಂದು ಪರೀಕ್ಷೆ, ನಮಗೆ ಮಾತ್ರ ಹಣೆಬರಹವೇ?

"ಚೀನಾದವರೇ ಇಂಗ್ಲಿಷ್ ಕಲೀತಿದ್ದಾರೆ, ನೀವಿನ್ನೂ ಕನ್ನಡ ಕನ್ನಡ ಅಂತ ಬಡಕೊಳ್ತಿದ್ದೀರಲ್ರೀ!"

ಕನ್ನಡ ಮಾಧ್ಯಮದ ಮಾತೆತ್ತಿದರೆ ಸಾಕು, ನಮ್ಮ ಬಾಯಿ ಮುಚ್ಚಿಸಲು ಈ ಕಲ್ಲು ತೂರಿ ಬರುತ್ತದೆ. ಡೊನೇಷನ್ ಎಣಿಸುವ ಶಾಲೆಯ ಮಾಲೀಕ ಇದನ್ನೇ ಹೇಳುತ್ತಾನೆ. ವೇದಿಕೆಯ ಮೇಲೆ ಅರಿಶಿನ ಕುಂಕುಮ ಬಣ್ಣದ ಶಾಲು ಹೊದ್ದು, ಮನೆಗೆ ಹೋಗಿ ಮೊಮ್ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಲಲ್ಲೆಗರೆಯುವ ಮಹಾಶಯರೂ ಇದನ್ನೇ ಹೇಳುತ್ತಾರೆ. ಕೊನೆಗೆ ನಮ್ಮದೇ ಬಡಾವಣೆಯ ಹುಡುಗ ಕಾಲೇಜು ಕ್ಯಾಂಟೀನಿನಲ್ಲಿ ಕೂತು ಅದೇ ಗಿಳಿಪಾಠ ಒಪ್ಪಿಸುತ್ತಾನೆ.

ಆಗಲಿ ಸ್ವಾಮಿ, ಚೀನಾದ ಮಾತನ್ನೇ ಆಡೋಣ. ಚೀನಾದವರು ಇಂಗ್ಲಿಷ್ ಕಲಿಯುತ್ತಿರುವುದು ಸುಳ್ಳಲ್ಲ. ಆದರೆ ಹೇಗೆ ಕಲಿಯುತ್ತಾರೆ? ಎಷ್ಟು ಕಲಿಯುತ್ತಾರೆ? ಅದನ್ನು ಎಲ್ಲಿ ಇಟ್ಟಿದ್ದಾರೆ? ತಲೆಯ ಮೇಲೋ, ಜೇಬಿನಲ್ಲೋ? ಇದನ್ನು ಮಾತ್ರ ಯಾವ ಮಹಾಶಯರೂ ಹೇಳುವುದಿಲ್ಲ. ಹೇಳಿದರೆ ಅವರ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ!

ಅವರದ್ದೂ ಒಂದು ಸಿಇಟಿ!

ನಮ್ಮಲ್ಲಿ ಸಿಇಟಿ ಎಂದರೆ ಎಂಜಿನಿಯರಿಂಗ್ ಸೀಟಿನ ಜಾತ್ರೆ. ಚೀನಾದಲ್ಲಿ ಸಿಇಟಿ ಎಂದರೆ ಕಾಲೇಜ್ ಇಂಗ್ಲಿಷ್ ಟೆಸ್ಟ್. 1987ರಲ್ಲಿ ಇದರ 'ಹಂತ 4' ಶುರುವಾಯಿತು, 1989ರಲ್ಲಿ ಅದಕ್ಕಿಂತ ಕಠಿಣವಾದ 'ಹಂತ 6' ಬಂತು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ, ದೇಶಾದ್ಯಂತ ಒಟ್ಟಿಗೆ ನಡೆಯುತ್ತದೆ. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಹುಡುಗ ಹುಡುಗಿಯರು ಇದಕ್ಕೆ ಕೂರುತ್ತಾರೆ. ಜಗತ್ತಿನ ಅತಿ ದೊಡ್ಡ ಇಂಗ್ಲಿಷ್ ಪರೀಕ್ಷೆಗಳಲ್ಲಿ ಇದೊಂದು.

ಹಂತ 4ರ ಅವಧಿ 125 ನಿಮಿಷ. ಮೊದಲು 30 ನಿಮಿಷದಲ್ಲಿ ಒಂದು ಸಣ್ಣ ಪ್ರಬಂಧ. ಆಮೇಲೆ 25 ನಿಮಿಷ ಕೇಳಿ ಉತ್ತರಿಸುವುದು. 40 ನಿಮಿಷ ಓದಿ ಉತ್ತರಿಸುವುದು. ಕೊನೆಯ 30 ನಿಮಿಷ ಅನುವಾದ. ಪ್ರಬಂಧಕ್ಕೂ ಅನುವಾದಕ್ಕೂ ಶೇ. 15ರಂತೆ, ಕೇಳುವುದಕ್ಕೂ ಓದುವುದಕ್ಕೂ ಶೇ. 35ರಂತೆ ಅಂಕ. 2005ರಿಂದ ಒಟ್ಟು ಅಂಕ 710. ಅಂದಿನಿಂದ ಪಾಸು, ಫೇಲು ಎಂಬ ಸರ್ಟಿಫಿಕೇಟ್ ಕೈಬಿಟ್ಟು ಅಂಕಪಟ್ಟಿ ಮಾತ್ರ ಕೊಡುತ್ತಾರೆ. ಆದರೂ 425 ಬಂದರೆ ಗೆದ್ದಂತೆ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಹಂತ 4ರಲ್ಲಿ ಅಷ್ಟು ಬಂದವರಿಗೇ ಹಂತ 6ರ ಬಾಗಿಲು.

ತಯಾರಿ ನೋಡಿ

ಇದಕ್ಕೆ ಆ ಹುಡುಗರು ಪಡುವ ಪಾಡು ಸಾಮಾನ್ಯದ್ದಲ್ಲ. ಬೆಳಿಗ್ಗೆ ಎದ್ದು ಕಾಲೇಜಿನ ಮರದ ಕೆಳಗೆ ನಿಂತು ಗಟ್ಟಿಯಾಗಿ ಓದುತ್ತಾರೆ, ಹಿಂದೆ ನಮ್ಮ ಅಜ್ಜಂದಿರು ಮಗ್ಗಿ ಹೇಳಿದ ಹಾಗೆ. ಹಂತ 4ಕ್ಕೆ ಸುಮಾರು 4,500 ಪದ, ಹಂತ 6ಕ್ಕೆ ಸುಮಾರು 6,000 ಪದ ಗೊತ್ತಿರಬೇಕು. ಅದಕ್ಕೆಂದೇ ಅಕಾರಾದಿಯಾಗಿ ಜೋಡಿಸಿದ ಪದಗಳ ದಪ್ಪ ಪುಸ್ತಕಗಳಿವೆ. ಮೊದಲ ಪುಟದಲ್ಲೇ ಸಿಗುವ ಪದ 'ಅಬ್ಯಾಂಡನ್', ಅಂದರೆ 'ಕೈಬಿಡು'! ಪುಸ್ತಕ ತೆಗೆದ ಹುಡುಗ ಮೊದಲ ಪದ ಕಲಿತು ಅದರಂತೆಯೇ ನಡೆದುಕೊಂಡು ಪುಸ್ತಕ ಮುಚ್ಚುತ್ತಾನೆ ಎಂಬುದು ಅಲ್ಲಿನ ಹಾಸ್ಟೆಲುಗಳ ಹಳೆಯ ಜೋಕು.

ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಕಟ್ಟುಗಟ್ಟಲೆ ಕೊಂಡು ಗಡಿಯಾರ ಮುಂದಿಟ್ಟು ಬಿಡಿಸುತ್ತಾರೆ. ಹದಿನೈದು ಪದ ಕೊಟ್ಟು ಹತ್ತು ಬಿಟ್ಟಸ್ಥಳ ತುಂಬಿಸುವ ಪ್ರಶ್ನೆಯಿದೆ. ಅಲ್ಲಿ ಮೊದಲು ನಾಮಪದ ಯಾವುದು, ಕ್ರಿಯಾಪದ ಯಾವುದು ಎಂದು ಪದಗಳನ್ನು ಬೇರ್ಪಡಿಸಿಕೊಳ್ಳುವ ಉಪಾಯವನ್ನು ಹಿರಿಯರು ಕಿರಿಯರಿಗೆ ದಾಟಿಸುತ್ತಾರೆ. ಕೇಳುವ ಭಾಗವನ್ನು ಎಷ್ಟೋ ಕಾಲೇಜುಗಳು ತಮ್ಮದೇ ರೇಡಿಯೋ ತರಂಗದಲ್ಲಿ ಬಿತ್ತರಿಸುತ್ತವೆ. ಅದಕ್ಕಾಗಿ ಹುಡುಗರು ರೇಡಿಯೋ ಇರುವ ಹೆಡ್‌ಫೋನ್ ಕೊಂಡು, ಹೊಸ ಬ್ಯಾಟರಿ ಹಾಕಿಕೊಂಡು ಪರೀಕ್ಷೆಗೆ ಹೋಗುತ್ತಾರೆ. ಪ್ರಬಂಧಕ್ಕಂತೂ ಸಿದ್ಧ ಅಚ್ಚುಗಳೇ ಇವೆ: ಮೊದಲ ಸಾಲು ಹೀಗೆ, ಕೊನೆಯ ಸಾಲು ಹಾಗೆ, ನಡುವೆ ವಿಷಯ ತುಂಬಿದರಾಯಿತು. ನಮ್ಮ ಪಿಯುಸಿ ಗೈಡುಗಳ ಖಾಸಾ ಬಂಧುಗಳು!

ಈಗ ಕೊನೆಯ ಭಾಗಕ್ಕೆ ಬನ್ನಿ, ಗೆಳೆಯರೇ. ಇದನ್ನು ಗಮನವಿಟ್ಟು ಓದಿ.

2013ರ ಡಿಸೆಂಬರಿನಿಂದ ಅನುವಾದದ ಪ್ರಶ್ನೆ ಬದಲಾಯಿತು. ಚೀನೀ ಭಾಷೆಯಲ್ಲಿ ಒಂದು ಪ್ಯಾರಾ ಕೊಡುತ್ತಾರೆ, ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಎಂಥ ಪ್ಯಾರಾ? ಶೇಕ್ಸ್‌ಪಿಯರನದಲ್ಲ, ಲಂಡನ್ನಿನ ಸೇತುವೆಯದಲ್ಲ. ಚೀನಾದ ಚಹಾ, ಚೀನಾದ ಅಡುಗೆ, ರೇಷ್ಮೆ ದಾರಿ, ಅವರ ಹುಣ್ಣಿಮೆ ಹಬ್ಬ! ಅಂದರೆ ಇಂಗ್ಲಿಷ್ ಪರೀಕ್ಷೆಯಲ್ಲೇ ಶೇ. 15ರಷ್ಟು ಅಂಕ, ತನ್ನ ಭಾಷೆ ಓದಲು ಬಾರದವನಿಗೆ ಖೋತಾ!

ಈಗ ಬೆಂಗಳೂರಿನ ದೊಡ್ಡ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಓದಿದ ಹುಡುಗನ ಮುಂದೆ ಕರಗದ ಬಗ್ಗೆಯೋ, ರಾಗಿ ಕಣದ ಬಗ್ಗೆಯೋ, ಯಕ್ಷಗಾನದ ಬಗ್ಗೆಯೋ ಹತ್ತು ಸಾಲು ಕನ್ನಡ ಇಟ್ಟು, 'ಇಂಗ್ಲಿಷಿನಲ್ಲಿ ಬರಿಯಪ್ಪಾ' ಎನ್ನಿ. ಇಂಗ್ಲಿಷಿಗೆ ಮುಂಚೆ ಕನ್ನಡದಲ್ಲೇ ಫೇಲು! ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಮುಚ್ಚಿಟ್ಟ ಅರ್ಧ ಸತ್ಯ

ಈ ಪರೀಕ್ಷೆಗೆ ಕೂರುವ ಹುಡುಗ ಹಾಲ್‌ನಿಂದ ಹೊರಬಂದ ಮೇಲೆ ಎಲ್ಲಿಗೆ ಹೋಗುತ್ತಾನೆ? ಎಂಜಿನಿಯರಿಂಗ್ ತರಗತಿಗೆ. ಅಲ್ಲಿ ಪಾಠ ಯಾವ ಭಾಷೆಯಲ್ಲಿ? ಚೀನೀ ಭಾಷೆಯಲ್ಲಿ! ವೈದ್ಯಕೀಯ ಓದುವವಳು ಹೃದಯವನ್ನೂ ಮೂತ್ರಪಿಂಡವನ್ನೂ ಕಲಿಯುವುದು ಚೀನೀ ಭಾಷೆಯಲ್ಲಿ. ಭೌತಶಾಸ್ತ್ರ, ಕಾನೂನು, ಲೆಕ್ಕಪತ್ರ, ಎಲ್ಲವೂ ಅವರ ಭಾಷೆಯಲ್ಲಿ. ಇಂಗ್ಲಿಷ್ ಅಲ್ಲಿ ಒಂದು ವಿಷಯ, ಸಾಮಾನ್ಯವಾಗಿ ಪದವಿಯ ಮೊದಲೆರಡು ವರ್ಷದ ಒಂದು ಪಾಠ. ಕೆಲವು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದಷ್ಟು ಪಾಠಗಳು ಇಂಗ್ಲಿಷಿನಲ್ಲಿ ಇವೆ, ನಿಜ. ಅದು ಒಗ್ಗರಣೆ, ಅನ್ನವಲ್ಲ.

1950ರ ದಶಕದಲ್ಲಿ ಅವರು ಮುಖ್ಯವಾಗಿ ಕಲಿತ ವಿದೇಶಿ ಭಾಷೆ ರಷ್ಯನ್. ಆಗ ರಷ್ಯಾ ಅವರ ಗುರು. ಕಾಲ ಬದಲಾಯಿತು, ಬಾಗಿಲು ತೆರೆಯಿತು, ಇಂಗ್ಲಿಷ್ ಬಂತು. ಹೊರಗಿನ ಭಾಷೆ ಬದಲಾಯಿತೇ ಹೊರತು ಒಳಗಿನ ಭಾಷೆ ಬದಲಾಗಲಿಲ್ಲ. ಅತಿಥಿ ಬದಲಾದ, ಮನೆ ಯಜಮಾನ ಬದಲಾಗಲಿಲ್ಲ!

ತು ಯೂಯೂ ಎಂಬ ತಾಯಿಯ ಹೆಸರು ನೆನಪಿಟ್ಟುಕೊಳ್ಳಿ. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಎಂಬ ಔಷಧ ಕಂಡುಹಿಡಿದವರು. ಓದಿದ್ದು ಬೀಜಿಂಗಿನಲ್ಲಿ. ವಿದೇಶದ ಡಿಗ್ರಿ ಇಲ್ಲ, ಡಾಕ್ಟರೇಟೂ ಇಲ್ಲ. 2015ರಲ್ಲಿ ನೊಬೆಲ್ ಬಂತು. ಸ್ವೀಡನ್ನಿಗೆ ಹೋಗಿ ನೊಬೆಲ್ ಉಪನ್ಯಾಸ ಕೊಟ್ಟಿದ್ದು ಚೀನೀ ಭಾಷೆಯಲ್ಲಿ! "ವಿಜ್ಞಾನಕ್ಕೆ ಇಂಗ್ಲಿಷೇ ಗತಿ" ಎಂದು ತಲೆದೂಗುವ ಪಂಡಿತರೇ, ಈಗೇನು ಹೇಳುತ್ತೀರಿ?

ಇನ್ನೊಂದು ಸಂಗತಿ. ಸೀಟು ಸಿಗದೆ ನಮ್ಮ ಕರ್ನಾಟಕದ ಹುಡುಗರೂ ಎಂಬಿಬಿಎಸ್ ಓದಲು ಚೀನಾಕ್ಕೆ ಹೋಗಿದ್ದಾರೆ. ಅವರಿಗೆ ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲೇ. ಆದರೆ ಆಸ್ಪತ್ರೆಯ ವಾರ್ಡಿಗೆ ಹೋದರೆ ರೋಗಿ ಮಾತಾಡುವುದು ಚೀನೀ ಭಾಷೆ. ಹಾಗಾಗಿ ನಮ್ಮ ಹುಡುಗ ತೆಪ್ಪಗೆ ಚೀನೀ ಭಾಷೆ ಕಲಿಯುತ್ತಾನೆ. ಅಲ್ಲಿ ಯಾರೂ ರೋಗಿಗೆ 'ಇಂಗ್ಲಿಷ್ ಕಲಿತು ಬಾ' ಎನ್ನುವುದಿಲ್ಲ. ಇಲ್ಲಿ? ನಮ್ಮ ಅಜ್ಜಿಯೇ ಬೆಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಕನ್ನಡದಲ್ಲಿ ಕೇಳಿ ಪಿಳಿಪಿಳಿ ನೋಡುತ್ತಾ ನಿಲ್ಲಬೇಕು!

ಅಲ್ಲೂ ಅತಿಯಾಯಿತು

ಚೀನಾದಲ್ಲಿ ಎಲ್ಲವೂ ಸರಿಯಿದೆ ಎಂದು ನಾವು ಹೇಳುತ್ತಿಲ್ಲ. ಇಂಗ್ಲಿಷನ್ನು ವಿಷಯವಾಗಿ ಇಟ್ಟಿದ್ದು ಸರಿ, ಗೇಟಾಗಿ ಮಾಡಿದ್ದು ತಪ್ಪು. ಎಷ್ಟೋ ವಿಶ್ವವಿದ್ಯಾಲಯಗಳು ಹಂತ 4 ದಾಟದವರಿಗೆ ಪದವಿಯನ್ನೇ ಕೊಡುವುದಿಲ್ಲ ಎಂದು ಪಟ್ಟು ಹಿಡಿದವು. ತನ್ನ ವಿಷಯದಲ್ಲಿ ಹುಲಿಯಂತಿದ್ದವನು ಇಂಗ್ಲಿಷಿಗಾಗಿ ಪದವಿ ಕಳೆದುಕೊಳ್ಳುವ ಸ್ಥಿತಿ ಬಂತು. ಕೆಲಸ ಕೊಡುವವರೂ ಈ ಅಂಕವನ್ನೇ ಜರಡಿ ಮಾಡಿಕೊಂಡರು.

ಫಲ ಏನಾಯಿತು? ಅಂಕ ಬಂತು, ಮಾತು ಬರಲಿಲ್ಲ. ಪರೀಕ್ಷೆ ಗೆದ್ದೂ ಬಾಯಿ ಬಿಡಲಾಗದ ಇಂಗ್ಲಿಷಿಗೆ ಅವರೇ 'ಮೂಕ ಇಂಗ್ಲಿಷ್' ಎಂದು ಹೆಸರಿಟ್ಟರು. ಆ ಮೂಕತನ ಬಿಡಿಸಲು 1990ರ ದಶಕದಲ್ಲಿ 'ಕ್ರೇಜಿ ಇಂಗ್ಲಿಷ್' ಎಂಬ ದಂಧೆ ಹುಟ್ಟಿ, ಮೈದಾನ ತುಂಬ ಜನ ಸೇರಿ ಇಂಗ್ಲಿಷ್ ವಾಕ್ಯಗಳನ್ನು ಕಿರುಚಿದರು! ಇನ್ನೊಬ್ಬರ ಹೆಸರಿನಲ್ಲಿ ಪರೀಕ್ಷೆ ಬರೆಯುವ ಬಾಡಿಗೆ ಬಂಟರೂ ಹುಟ್ಟಿಕೊಂಡರು. ಅವರಿಗೆ ಅಲ್ಲಿನ ಅಡ್ಡಹೆಸರು 'ಕೋವಿಯವರು'.

ಈಗ ಗಾಳಿ ತಿರುಗುತ್ತಿದೆ. 2021ರಲ್ಲಿ ಶಾಂಘೈ ನಗರ ಪ್ರಾಥಮಿಕ ಶಾಲೆಗಳ ಕೊನೆಯ ಪರೀಕ್ಷೆಗಳಿಂದ ಇಂಗ್ಲಿಷನ್ನು ತೆಗೆಯಿತು. 2023ರ ಸೆಪ್ಟೆಂಬರಿನಲ್ಲಿ ಶಿಆನ್ ಜಿಯಾವ್‌ಟಾಂಗ್ ವಿಶ್ವವಿದ್ಯಾಲಯ, ಇನ್ನು ಮುಂದೆ ಪದವಿಗೂ ಈ ಇಂಗ್ಲಿಷ್ ಪರೀಕ್ಷೆಗೂ ಗಂಟು ಇಲ್ಲ ಎಂದು ಸಾರಿತು. ದೇಶವೆಲ್ಲ ಚರ್ಚೆ ಎದ್ದಿತು. ಇಂಗ್ಲಿಷ್ ಬಿಡಿ ಎಂದು ಅವರು ಹೇಳಲಿಲ್ಲ. ಕಲಿಯಿರಿ, ಆದರೆ ಅದು ನಿಮ್ಮ ಕೊರಳಿಗೆ ಉರುಳಾಗುವುದು ಬೇಡ ಎಂದರು.

ಇನ್ನೊಂದು ಎಚ್ಚರಿಕೆಯ ಮಾತು. ಇಂಗ್ಲಿಷಿಗೆ ತಲೆಬಾಗದ ಆ ಸರ್ಕಾರವೇ ತನ್ನ ಒಳಗಿನ ಸಣ್ಣ ಭಾಷೆಗಳ ತಲೆ ಬಾಗಿಸುತ್ತಿದೆ. 2020ರಲ್ಲಿ ಒಳ ಮಂಗೋಲಿಯಾದ ಶಾಲೆಗಳಲ್ಲಿ ಮಂಗೋಲ್ ಭಾಷೆಯಲ್ಲಿದ್ದ ಪಾಠಗಳನ್ನು ಮ್ಯಾಂಡರಿನ್‌ಗೆ ಬದಲಾಯಿಸಲು ಹೊರಟಾಗ ತಂದೆ ತಾಯಿಯರು ಬೀದಿಗಿಳಿದರು. ದೊಡ್ಡ ಭಾಷೆ ಎಲ್ಲಿದ್ದರೂ ಅದರ ಹಸಿವು ಒಂದೇ. ಅಲ್ಲಿ ಮ್ಯಾಂಡರಿನ್, ಇಲ್ಲಿ ಹಿಂದಿ! "ಚೀನಾದಂತೆ ಇಡೀ ದೇಶಕ್ಕೆ ಒಂದೇ ಭಾಷೆ ಇರಲಿ" ಎಂದು ಯಾರಾದರೂ ರಾಗ ತೆಗೆದರೆ ಈ ಮಂಗೋಲರ ಕತೆ ಹೇಳಿ ಬಾಯಿ ಮುಚ್ಚಿಸಿ.

ನಾವು ಮಾಡಿಕೊಂಡಿದ್ದೇನು?

1982ರಲ್ಲಿ ಗೋಕಾಕ್ ಚಳವಳಿಗೆ ಇಡೀ ನಾಡು ಎದ್ದು ನಿಂತಿತು. 1994ರಲ್ಲಿ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮ ಎಂದು ಸರ್ಕಾರ ಆದೇಶಿಸಿತು. ಶಾಲೆಗಳ ಮಾಲೀಕರು ಕೋರ್ಟಿಗೆ ಹೋದರು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡಿದವರೆಷ್ಟೋ! 2014ರಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಇನ್ನು ಹಳ್ಳಿಯ, ಕೊಳೆಗೇರಿಯ ಹುಡುಗಿಯ ಪಾಡು ನೋಡಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನದಲ್ಲಿ ತೊಂಬತ್ತು ತೆಗೆದು ಪಿಯು ಸೇರುತ್ತಾಳೆ. ಮೊದಲ ದಿನವೇ 'ವೇಗೋತ್ಕರ್ಷ' ಹೋಗಿ 'ಆಕ್ಸಿಲರೇಷನ್' ಬರುತ್ತದೆ. ಗೊತ್ತಿದ್ದ ವಿಜ್ಞಾನವೇ ಗೊತ್ತಿಲ್ಲದ್ದಾಗುತ್ತದೆ. ಅವಳು ದಡ್ಡಿಯಲ್ಲ ಸ್ವಾಮಿ! ಅವಳಿಗೆ ಇಂಗ್ಲಿಷ್ ಪರೀಕ್ಷೆಯನ್ನು ಭೌತಶಾಸ್ತ್ರದ ಹೆಸರಿನಲ್ಲಿ, ರಸಾಯನಶಾಸ್ತ್ರದ ಹೆಸರಿನಲ್ಲಿ ದಿನಾ ಕೊಡುತ್ತಿದ್ದೀರಿ. ಚೀನಾದ ಹುಡುಗನಿಗೆ ಆ ಪರೀಕ್ಷೆ ವರ್ಷಕ್ಕೆರಡು ಸಲ, 125 ನಿಮಿಷ. ನಮ್ಮ ಹುಡುಗಿಗೆ ಪ್ರತಿದಿನ, ಪ್ರತಿ ಪಿರಿಯಡ್!

ಹೋರಾಟ ಪೂರ್ತಿ ವ್ಯರ್ಥವಾಗಿಲ್ಲ. 2017ರಿಂದ ನೀಟ್ ಪರೀಕ್ಷೆ ಕನ್ನಡದಲ್ಲೂ ಬಂತು. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕಾತಿಗೆ ಕನ್ನಡ ಸೇರಿತು. 2021ರಲ್ಲಿ ಜೆಇಇ ಮೇನ್ಸ್ ಕನ್ನಡದಲ್ಲಿ ಬರೆಯಲು ಅವಕಾಶ ಆಯಿತು. ಆದರೆ ಪಿಯು ವಿಜ್ಞಾನದ ಪಾಠ ಇಂದಿಗೂ ಬಹುತೇಕ ಇಂಗ್ಲಿಷಿನಲ್ಲೇ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಪಾಠ ಇಂಗ್ಲಿಷಿನಲ್ಲಿ! ಊಟದೆಲೆ ಹಾಕಿ ಅನ್ನ ಬಡಿಸದಿದ್ದರೆ ಉಣ್ಣುವುದು ಹೇಗೆ?

ನಮ್ಮ ಬೇಡಿಕೆ, ನಿಮ್ಮ ಕೆಲಸ

ಕನ್ನಡದ ಯುವಕ ಯುವತಿಯರೇ, ಇಂಗ್ಲಿಷಿಗೆ ಬೆನ್ನು ಹಾಕಿ ಎಂದು ಈ ಪತ್ರಿಕೆ ಹೇಳುತ್ತಿಲ್ಲ. ಚೀನಾದ ಹುಡುಗನ ಛಲ ಕಲಿಯಿರಿ. ಬೆಳಿಗ್ಗೆ ಎದ್ದು ಗಟ್ಟಿಯಾಗಿ ಓದಿ. ದಿನಕ್ಕೆ ಹತ್ತು ಪದ ಕಲಿಯಿರಿ, ಮೊದಲ ಪದಕ್ಕೇ ಪುಸ್ತಕ ಮುಚ್ಚಬೇಡಿ. ಕೇಳುವುದನ್ನೂ ಮಾತಾಡುವುದನ್ನೂ ಬಿಡಬೇಡಿ, ಇಲ್ಲದಿದ್ದರೆ 'ಮೂಕ ಇಂಗ್ಲಿಷ್' ನಿಮಗೂ ಗಂಟು ಬೀಳುತ್ತದೆ. ದಿನಕ್ಕೊಂದು ಕನ್ನಡ ಪ್ಯಾರಾ ತೆಗೆದುಕೊಂಡು ಇಂಗ್ಲಿಷಿಗೆ ತಿರುಗಿಸಿ ನೋಡಿ. ಎರಡೂ ಭಾಷೆ ಒಟ್ಟಿಗೆ ಬಲಿಯುತ್ತವೆ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ನಾಲ್ಕೇ ನಾಲ್ಕು:

1. ಪ್ರತಿ ಕನ್ನಡ ಶಾಲೆಯಲ್ಲೂ ಇಂಗ್ಲಿಷನ್ನು ಒಂದು ವಿಷಯವಾಗಿ, ತರಬೇತಾದ ಮೇಷ್ಟರಿಂದ, ಕೇಳಿಸಿ ಮಾತಾಡಿಸಿ ಕಲಿಸಲಿ. ಒಳ್ಳೆಯ ಇಂಗ್ಲಿಷ್ ಕಾಸಿದ್ದವರ ಸೊತ್ತಾಗುವುದು ಬೇಡ.

2. ಪಿಯು ವಿಜ್ಞಾನ, ವಾಣಿಜ್ಯದ ಪಾಠ ಮತ್ತು ಪುಸ್ತಕ ಪ್ರತಿ ತಾಲೂಕಿನಲ್ಲೂ ಕನ್ನಡದಲ್ಲಿ ಸಿಗಲಿ.

3. ಇಂಗ್ಲಿಷ್ ಮಾಧ್ಯಮದ ಹತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಕನ್ನಡ ಪ್ಯಾರಾ ಇರಲಿ, ಅನುವಾದಕ್ಕೆ. ಚೀನಾವನ್ನು ಅನುಸರಿಸುವುದಾದರೆ ಇದರಲ್ಲಿ ಅನುಸರಿಸಿ!

4. ಇಂಗ್ಲಿಷ್ ಬೇಡದ ಕೆಲಸಕ್ಕೆ ಇಂಗ್ಲಿಷಿನ ಜರಡಿ ಹಿಡಿಯುವುದು ನಿಲ್ಲಲಿ.

ಇನ್ನು ಮುಂದೆ ಯಾರಾದರೂ "ಚೀನಾದವರೂ ಇಂಗ್ಲಿಷ್ ಕಲೀತಾರೆ ಕಣ್ರೀ" ಎಂದರೆ ತಲೆ ತಗ್ಗಿಸಬೇಡಿ. "ಹೌದು ಸಾರ್, ಚೀನೀ ಭಾಷೆಯಲ್ಲಿ ಓದುತ್ತಾ ಕಲೀತಾರೆ. ನಮಗೂ ಹಾಗೇ ಕೊಡಿಸಿ" ಎಂದು ಕೇಳಿ. ಕಾಲೇಜಿನಲ್ಲಿ ಕೇಳಿ, ಬಸ್ಸಿನಲ್ಲಿ ಕೇಳಿ, ಓಟು ಕೇಳಲು ಮನೆ ಬಾಗಿಲಿಗೆ ಬಂದಾಗ ತಪ್ಪದೆ ಕೇಳಿ. ಉತ್ತರ ಸಿಗುವವರೆಗೂ ಬಿಡಬೇಡಿ.